ಬೇಲಿ ಹೊಲ ಮೇಯುತ್ತಿದ್ದಾಗ ಯಜಮಾನ ಎಲ್ಲಿದ್ದ?

ಸಿ.ಐ.ಡಿ. ಎಂಬ ಮೂರಕ್ಷರ ಗೊತ್ತಿಲ್ಲದವರು ಯಾರಿದ್ದಾರೆ? ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನೊಬ್ಬ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಸಾಕು, ಸಿ.ಐ.ಡಿ. ಇರಬೇಕು ಕಣ್ರೀ ಅಂತ ಜನ ಪಿಸುಗುಟ್ಟುತ್ತಾರೆ. 1968ರಲ್ಲಿ ಜೇಡರ ಬಲೆ ಚಿತ್ರದಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಬಂದ ಮೇಲಂತೂ ಈ ಹೆಸರಿಗೆ ಹೀರೋ ಪಟ್ಟವೇ ಸಿಕ್ಕಿತು. ಆದರೆ ಹೆಸರು ಹುಟ್ಟಿದ್ದು ಯಾವ ಸಾಹಸದಿಂದಲೂ ಅಲ್ಲ. ಹುಟ್ಟಿದ್ದು ಲಂಚದಿಂದ. ಅದೂ ಸಣ್ಣ ಪೇದೆ ತಿಂದ ಪುಡಿಕಾಸಿನಿಂದಲ್ಲ, ದೊಡ್ಡ ದೊಡ್ಡ ಪತ್ತೇದಾರರು ತಿಂದ ಎಂಜಲಿನಿಂದ.

ನಡೆದದ್ದು 1877ರಲ್ಲಿ, ಲಂಡನ್ನಿನಲ್ಲಿ. ಅಲ್ಲಿನ ಪೋಲೀಸ್ ಕೇಂದ್ರ ಕಚೇರಿಗೆ ಸ್ಕಾಟ್ಲೆಂಡ್ ಯಾರ್ಡ್ ಅಂತ ಹೆಸರು. ಅಲ್ಲಿಯ ಪತ್ತೇದಾರಿ ವಿಭಾಗದ ನಾಲ್ವರು ಅಧಿಕಾರಿಗಳು ಒಂದೇ ಕಟಕಟೆಯಲ್ಲಿ ಸಾಲಾಗಿ ನಿಂತರು. ಕಳ್ಳರನ್ನು ಹಿಡಿಯಬೇಕಾದವರು ಕಳ್ಳರ ಕೈಯಿಂದಲೇ ಮಾಮೂಲು ಪಡೆದು, ಪೋಲೀಸರು ಯಾವಾಗ ಬರುತ್ತಾರೆ ಅಂತ ಮುಂಚಿತವಾಗಿ ಸುದ್ದಿ ಮುಟ್ಟಿಸುತ್ತಿದ್ದರು ಎಂಬುದು ಆಪಾದನೆ. ಇಡೀ ಊರು ನಕ್ಕಿತು. ಸರ್ಕಾರ ತಲೆ ತಗ್ಗಿಸಿತು. ಮಾರನೇ ವರ್ಷ ಹಳೆ ವಿಭಾಗವನ್ನು ಮುಚ್ಚಿ, ಹೊಸ ಬೋರ್ಡು ತೂಗುಹಾಕಿದರು. ಆ ಬೋರ್ಡೇ ಸಿ.ಐ.ಡಿ.

ಆ ನಾಲ್ವರಿಗೂ ಮೇಲಧಿಕಾರಿ ಒಬ್ಬನೇ. ಹೆಸರು ಫ್ರೆಡರಿಕ್ ಅಡಾಲ್ಫಸ್ ವಿಲಿಯಂಸನ್. ಇಲಾಖೆಯವರ ಬಾಯಲ್ಲಿ ಡಾಲಿ. ಈತನ ಮೇಲೆ ಒಂದು ಕಾಸಿನ ಆಪಾದನೆಯೂ ಬರಲಿಲ್ಲ. ಹಾಗಿದ್ದರೂ ಬೇಲಿ ಎದ್ದು ಹೊಲ ಮೇಯುತ್ತಿದ್ದಾಗ ಯಜಮಾನ ಎಲ್ಲಿದ್ದ ಎಂಬ ಪ್ರಶ್ನೆ ಈತನನ್ನು ಬಿಡಲಿಲ್ಲ. ನಂಬಿಕಸ್ಥ ಗುಮಾಸ್ತನ ಕೈಗೆ ಗಲ್ಲಾ ಪೆಟ್ಟಿಗೆಯ ಬೀಗದ ಕೈ ಕೊಟ್ಟು ಊಟಕ್ಕೆ ಹೋಗುವ ಅಂಗಡಿಯವರೆಲ್ಲ ಈ ಮನುಷ್ಯನ ಜೀವನ ತಿಳಿದುಕೊಳ್ಳುವುದು ಒಳ್ಳೆಯದು.

ಪೋಲೀಸಪ್ಪನ ಮಗ

ವಿಲಿಯಂಸನ್ ಹುಟ್ಟಿದ್ದು 1830ರಲ್ಲಿ. ಅಪ್ಪನೂ ಪೋಲೀಸ್ ಅಧಿಕಾರಿ. ಲಂಡನ್ ಪೋಲೀಸ್ ಇಲಾಖೆ ಹುಟ್ಟಿದ್ದು 1829ರಲ್ಲಿ. ಅಂದರೆ ಇಲಾಖೆಗೂ ಹುಡುಗನಿಗೂ ಒಂದೇ ವರ್ಷದ ಅಂತರ. ಇಬ್ಬರೂ ಒಟ್ಟಿಗೇ ಬೆಳೆದರು ಅನ್ನಬೇಕು.

ಆಗಿನ ಲಂಡನ್ ಜನಕ್ಕೆ ಸಮವಸ್ತ್ರದ ಪೋಲೀಸರ ಮೇಲೇ ಅನುಮಾನ. ಇನ್ನು ಮಫ್ತಿಯಲ್ಲಿ ಓಡಾಡುವ ಪೋಲೀಸ್ ಅಂದರೆ ಕೇಳಬೇಕೇ? ಗೂಢಚಾರ, ಮನೆಮುರುಕ ಅಂತಲೇ ಲೆಕ್ಕ. ಅದಕ್ಕೆ ಕಾರಣವೂ ಇತ್ತು. ಪೋಪೆ ಎಂಬ ಪೋಲೀಸ್ ಸಾರ್ಜೆಂಟ್ ಒಬ್ಬ ಚಿತ್ರ ಬರೆಯುವವನ ವೇಷ ಹಾಕಿಕೊಂಡು ರಾಜಕೀಯ ಸಂಘವೊಂದರೊಳಗೆ ನುಸುಳಿದ. ಅವರ ಅನ್ನ ತಿಂದ, ಅವರ ಸುದ್ದಿಯನ್ನೇ ಕಚೇರಿಗೆ ಹೊತ್ತು ಹಾಕಿದ. 1833ರಲ್ಲಿ ಬಣ್ಣ ಬಯಲಾಯಿತು. ಪಾರ್ಲಿಮೆಂಟಿನ ಸಮಿತಿ ವಿಚಾರಣೆ ಮಾಡಿತು, ಪೋಪೆಯ ಕೆಲಸ ಹೋಯಿತು. ಪೋಲೀಸರನ್ನು ಹೊರಗಿನವರು ಕೂತು ವಿಚಾರಿಸಿದ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು.

ಆ ಕಹಿ ಆರಲು ವರ್ಷಗಳೇ ಬೇಕಾದವು. ಕೊನೆಗೆ 1842ರಲ್ಲಿ ಪತ್ತೇದಾರಿ ವಿಭಾಗ ಶುರುವಾಯಿತು. ಇಬ್ಬರು ಇನ್ಸ್‌ಪೆಕ್ಟರ್, ಆರು ಜನ ಸಾರ್ಜೆಂಟ್. ಅಷ್ಟು ದೊಡ್ಡ ಪಟ್ಟಣಕ್ಕೆ ಒಟ್ಟು ಎಂಟು ಜನ! ನಮ್ಮ ಒಂದು ಸಂತೆಗೂ ಸಾಲದು.

1850ರಲ್ಲಿ ವಿಲಿಯಂಸನ್ ಇಲಾಖೆ ಸೇರಿದ. ಎರಡು ವರ್ಷ ಕಳೆಯುವುದರೊಳಗೆ, 1852ರಲ್ಲಿ, ಪತ್ತೇದಾರಿ ವಿಭಾಗಕ್ಕೆ ಬಂದ. ಅಲ್ಲಿ ಆತನಿಗೆ ಸಿಕ್ಕಿದ ಗುರು ಜೊನಾಥನ್ ವಿಚರ್. ಮೊದಲ ಎಂಟು ಜನರಲ್ಲಿ ಒಬ್ಬನಾದ ಈ ವಿಚರ್ ಲಂಡನ್ನಿನ ಅತಿ ಚುರುಕು ಪತ್ತೇದಾರ ಅಂತ ಹೆಸರು ಪಡೆದವನು. ಮದುವೆಯಾಗದ ಹುಡುಗ ಪೋಲೀಸರೆಲ್ಲ ಒಂದೇ ಮನೆಯಲ್ಲಿ ಬಿಡಾರ ಮಾಡಿದ್ದರು. ಗುರುವೂ ಅಲ್ಲೇ, ಶಿಷ್ಯನೂ ಅಲ್ಲೇ. ಆಗ ಡಾಲಿ ಅಂದರೆ ತಮಾಷೆ, ಕೀಟಲೆ. ಮುಂದೆ ಬಂದ ಗಾಂಭೀರ್ಯ ಆಗ ಇನ್ನೂ ಮೈಗೆ ಅಂಟಿರಲಿಲ್ಲ.

ಗುರುವಿಗೆ ಬಿದ್ದ ಪೆಟ್ಟು

1860ರ ಜೂನ್ ತಿಂಗಳ ಕೊನೆ. ವಿಲ್ಟ್‌ಷೈರ್ ಸೀಮೆಯ ರೋಡ್ ಎಂಬ ಹಳ್ಳಿ. ಅಲ್ಲೊಂದು ಸ್ಥಿತಿವಂತರ ಮನೆ. ಯಜಮಾನ ಕೆಂಟ್, ಕಾರ್ಖಾನೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ. ರಾತ್ರಿ ಮಲಗಿದ್ದ ನಾಲ್ಕು ವರ್ಷವೂ ತುಂಬದ ಗಂಡು ಮಗು ಬೆಳಿಗ್ಗೆ ಹಾಸಿಗೆಯಲ್ಲಿ ಇಲ್ಲ. ಹುಡುಕಿದರೆ ತೋಟದಲ್ಲಿ ಆಳುಗಳ ಪಾಯಖಾನೆಯೊಳಗೆ ಕತ್ತು ಕೊಯ್ದ ಹೆಣ ಸಿಕ್ಕಿತು.

ಊರಿನ ಪೋಲೀಸರು ಎರಡು ವಾರ ತಡಕಾಡಿದರು. ಕೊನೆಗೆ ಲಂಡನ್ನಿನಿಂದ ವಿಚರ್ ಬಂದ. ಸಹಾಯಕ್ಕೆ ಬಂದವನು ಶಿಷ್ಯ ವಿಲಿಯಂಸನ್. ವಿಚರ್ ಹೊರಗಿನ ಕಳ್ಳರನ್ನು ಹುಡುಕಲಿಲ್ಲ. ಮನೆಯೊಳಗೇ ನೋಡಿದ. ಸತ್ತ ಮಗುವಿನ ಮಲತಾಯಿ ಮಕ್ಕಳಲ್ಲಿ ಹದಿನಾರು ವರ್ಷದ ಕಾನ್ಸ್ಟನ್ಸ್ ಎಂಬ ಹುಡುಗಿ. ಆಕೆಯ ಒಂದು ರಾತ್ರಿ ಅಂಗಿ ಒಗೆಯಲು ಹಾಕಿದ ಬಟ್ಟೆಯ ಲೆಕ್ಕದಲ್ಲಿ ತಪ್ಪಿಹೋಗಿತ್ತು. ಅದನ್ನೇ ಹಿಡಿದು ವಿಚರ್ ಆಕೆಯನ್ನು ಬಂಧಿಸಿದ.

ತಗೊಳ್ಳಿ, ಊರಿಗೆ ಊರೇ ಎದ್ದು ನಿಂತಿತು. ದೊಡ್ಡವರ ಮನೆಯ ಹೆಣ್ಣುಮಗಳ ಮೇಲೆ ಒಬ್ಬ ಸಂಬಳದ ಪೋಲೀಸ ಬೆರಳು ತೋರಿಸುವುದೇ? ಸಾಕ್ಷಿ ಸಾಲದು ಅಂತ ಹುಡುಗಿ ಬಿಡುಗಡೆಯಾದಳು. ಪತ್ರಿಕೆಗಳು ವಿಚರನನ್ನು ಹುರಿದು ಮುಕ್ಕಿದವು. ಪಾರ್ಲಿಮೆಂಟಿನಲ್ಲೂ ಬೈಗುಳ ಬಿದ್ದವು. ಇಷ್ಟರ ಮಧ್ಯೆ ಇನ್ನೊಂದು ಹುಳುಕು ಹೊರಬಿತ್ತು. ರಕ್ತದ ಕಲೆಯ ಒಂದು ಹೆಂಗಸಿನ ಒಳಅಂಗಿ ಅಡಿಗೆಮನೆಯ ಒಲೆಯ ಗೂಡಿನಲ್ಲಿ ಊರಿನ ಪೋಲೀಸರಿಗೆ ಮೊದಲೇ ಸಿಕ್ಕಿತ್ತು. ಸಿಕ್ಕಿದ್ದನ್ನು ಕಳೆದುಕೊಂಡರು. ಕಳೆದುಕೊಂಡದ್ದನ್ನು ಲಂಡನ್ನಿನವನಿಗೆ ಹೇಳದೆ ಮುಚ್ಚಿಟ್ಟರು. ತಪ್ಪು ಮಾಡಿದ್ದು ಸ್ಥಳೀಯ ಪೋಲೀಸರು, ತಲೆ ಹೋದದ್ದು ವಿಚರನದು.

ವಿಚರ್ ಕುಗ್ಗಿಹೋದ. ಆರೋಗ್ಯ ಕೆಟ್ಟು 1864ರಲ್ಲಿ ನಿವೃತ್ತಿ ತೆಗೆದುಕೊಂಡ. ಮಾರನೇ ವರ್ಷವೇ, 1865ರಲ್ಲಿ, ಕಾನ್ಸ್ಟನ್ಸ್ ತಾನಾಗಿ ಲಂಡನ್ನಿನ ಬೋ ಸ್ಟ್ರೀಟ್ ಕೋರ್ಟಿಗೆ ಬಂದು ಕೊಲೆ ಮಾಡಿದವಳು ತಾನೇ ಅಂತ ಒಪ್ಪಿಕೊಂಡಳು. ಆಕೆಯನ್ನು ವಿಲ್ಟ್‌ಷೈರಿಗೆ ಕರೆದುಕೊಂಡು ಹೋಗುವ ಕೆಲಸ ಬಿದ್ದದ್ದು ಯಾರಿಗೆ? ವಿಲಿಯಂಸನ್ನಿಗೆ. ಗುರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆದರೆ ಗುರು ಮನೆ ಸೇರಿ ಆಗಿತ್ತು.

ಮನೆಯೊಳಗಿನ ತಪ್ಪನ್ನು ಎತ್ತಿ ತೋರಿಸಿದವನ ಗತಿ ಏನಾಗುತ್ತದೆ ಅನ್ನುವುದನ್ನು ವಿಲಿಯಂಸನ್ ಇಷ್ಟು ಹತ್ತಿರದಿಂದ ನೋಡಿದ್ದ. ಅದು ಮನಸ್ಸಿನಲ್ಲಿ ಏನು ಮಾಡಿತೋ ದೇವರಿಗೇ ಗೊತ್ತು. ಆದರೆ ಹನ್ನೆರಡು ವರ್ಷದ ಮೇಲೆ ಆತನ ಸ್ವಂತ ಮನೆಯೊಳಗೇ ಕಳ್ಳರು ಕೂತಿದ್ದಾಗ, ಮೊದಲು ನೋಡಬೇಕಾದ ಕಣ್ಣು ಕೊನೆಗೆ ನೋಡಿತು.

ದೊಡ್ಡ ಟೋಪಿ, ಬಾಯಲ್ಲೊಂದು ಎಲೆ

ವಿಚರ್ ಹೋದ ಮೇಲೆ ವಿಲಿಯಂಸನ್ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ. 1867ರ ಹೊತ್ತಿಗೆ ಚೀಫ್ ಇನ್ಸ್‌ಪೆಕ್ಟರ್. ಆ ವರ್ಷ ಡಿಸೆಂಬರ್ 13ರಂದು ಐರ್ಲೆಂಡಿನ ಬಂಡಾಯಗಾರರು ತಮ್ಮವರನ್ನು ಬಿಡಿಸಲು ಕ್ಲರ್ಕನ್ವೆಲ್ ಜೈಲಿನ ಗೋಡೆಗೆ ಮದ್ದು ಇಟ್ಟರು. ಅಕ್ಕಪಕ್ಕದ ಬಡವರ ಮನೆಗಳು ಉರುಳಿದವು, ಜೀವಗಳು ಹೋದವು. ಆಗ ಸರ್ಕಾರಕ್ಕೆ ಎಚ್ಚರವಾಯಿತು. ಕೇಂದ್ರ ಕಚೇರಿಯಲ್ಲಿ ಪತ್ತೇದಾರರು ಇಪ್ಪತ್ತು ಮಂದಿಯೂ ಇಲ್ಲ ಅಂತ ಲೆಕ್ಕ ಸಿಕ್ಕಿತು. ವಿಭಾಗ ದೊಡ್ಡದಾಯಿತು. ವಿಲಿಯಂಸನ್ ಸೂಪರಿಂಟೆಂಡೆಂಟ್ ಆದ.

ಸಿನಿಮಾದಲ್ಲಿ ತೋರಿಸುವ ಪತ್ತೇದಾರನ ಗತ್ತು ಈತನಲ್ಲಿ ಇರಲಿಲ್ಲ. ತಲೆಗಿಂತ ಒಂದು ಸುತ್ತು ದೊಡ್ಡ ಟೋಪಿ. ಬಾಯಲ್ಲಿ ಯಾವುದೋ ಎಲೆ ಅಥವಾ ಹೂವಿನ ಕಡ್ಡಿ. ನಿಧಾನ ನಡಿಗೆ. ದಾರಿಯಲ್ಲಿ ನೋಡಿದವರು ಪಿಂಚಣಿ ಮೇಷ್ಟ್ರು ಅಂದುಕೊಳ್ಳಬೇಕು. ಬಿಡುವು ಸಿಕ್ಕರೆ ಹೂತೋಟ. ಗಿಡಕ್ಕೆ ಹುಳ ಬಿದ್ದರೆ ಎಲೆ ತಿರುವಿ ನೋಡುವ ಮನುಷ್ಯ.

ಕಚೇರಿಯ ಗಿಡಗಳ ಎಲೆ ಮಾತ್ರ ತಿರುವಿ ನೋಡಲಿಲ್ಲ. ಅಲ್ಲಿದ್ದ ಗಿಡಗಳಾದರೂ ಎಂಥವು! ಜಾರ್ಜ್ ಕ್ಲಾರ್ಕ್, ಮೂವತ್ತು ವರ್ಷಕ್ಕೂ ಮೀರಿದ ಸೇವೆ, ವಿಲಿಯಂಸನ್ನಿಗಿಂತ ವಯಸ್ಸಿನಲ್ಲಿ ಹಿರಿಯ, ಹುದ್ದೆಯಲ್ಲಿ ಎರಡನೆಯವನು. ವಿಲಿಯಂ ಪಾಮರ್, ಅನುಭವಸ್ಥ. ನಥಾನಿಯಲ್ ಡ್ರಸ್ಕೊವಿಚ್, ಪರದೇಶಿ ರಕ್ತದವನು, ನಾಲ್ಕಾರು ಭಾಷೆ ಬಲ್ಲವನು, ಹೊರದೇಶದ ಕೇಸು ಬಂದರೆ ಆತನಿಗೇ ಫೈಲು. ಜಾನ್ ಮೈಕಲ್‌ಜಾನ್, ಸ್ಕಾಟ್ಲೆಂಡಿನ ಗಟ್ಟಿ ಆಳು. ವಿಲಿಯಂಸನ್ನಿಗೆ ಇವರೆಲ್ಲ ಮನೆ ಮಕ್ಕಳ ಹಾಗೆ.

ಇನ್ನು ಕೆಲಸದ ರೀತಿ. ಪತ್ತೇದಾರ ಒಬ್ಬನೇ ಹೋಗಬೇಕು. ಕಳ್ಳರ ಸುದ್ದಿ ಬೇಕು ಅಂದರೆ ಕಳ್ಳರ ಜೊತೆಯೇ ಕೂರಬೇಕು, ಅವರ ಗಡಂಗಿನಲ್ಲೇ ಕುಡಿಯಬೇಕು. ಯಾರ ಜೊತೆ ಕೂತೆ, ಯಾರ ದುಡ್ಡಿನಲ್ಲಿ ಕುಡಿದೆ ಅಂತ ದಿನಾ ಕೇಳುವವರಿಲ್ಲ. ಕೇಳಬೇಕಾದ ಯಜಮಾನ ನಂಬಿಕೆಯ ಮನುಷ್ಯ. ಇಂಥ ಅಂಗಡಿಯಲ್ಲಿ ತಕ್ಕಡಿ ಎಷ್ಟು ದಿನ ನೇರ ನಿಲ್ಲುತ್ತದೆ?

ಅರವತ್ತು ಪೌಂಡಿನ ಗಾಳ

ಈಗ ಕಳ್ಳರ ಕಡೆ ಬನ್ನಿ. ವಿಲಿಯಂ ಕರ್ ಎಂಬ ಹುಡುಗ, ಕುದುರೆ ಜೂಜಿನ ಹೆಸರಿನಲ್ಲಿ ಜನರ ದುಡ್ಡು ನುಂಗುವುದೇ ಕಸುಬು. ಆತನ ಜೊತೆ ಸೇರಿದವನು ಹ್ಯಾರಿ ಬೆನ್ಸನ್. ಓದಿದವನು, ಫ್ರೆಂಚ್ ಭಾಷೆಯನ್ನು ನೀರು ಕುಡಿದ ಹಾಗೆ ಆಡುವವನು. ಯುದ್ಧದಲ್ಲಿ ನೊಂದ ಫ್ರೆಂಚ್ ಊರೊಂದರ ಮೇಯರ್ ಅಂತ ಹೇಳಿಕೊಂಡು ಲಂಡನ್ನಿನ ಲಾರ್ಡ್ ಮೇಯರನ ಪರಿಹಾರ ನಿಧಿಗೇ ಸಾವಿರ ಪೌಂಡು ಟೋಪಿ ಹಾಕಿ ಜೈಲು ಕಂಡಿದ್ದ. ಜೈಲಿನಲ್ಲಿ ಹಾಸಿಗೆಗೆ ಬೆಂಕಿ ಹಚ್ಚಿಕೊಂಡು ಸಾಯಲು ಹೋಗಿ, ಕಾಲು ಊನವಾಗಿ ಬದುಕಿದ್ದ.

ಕರ್‌ಗೆ ಒಂದು ಗುಟ್ಟು ಗೊತ್ತಿತ್ತು. ಪೋಲೀಸರಿಂದ ಓಡುವುದಕ್ಕಿಂತ ಪೋಲೀಸರನ್ನು ಕೊಳ್ಳುವುದು ಸಲೀಸು. ಮೊದಲು ಬಲೆಗೆ ಬಿದ್ದವನು ಮೈಕಲ್‌ಜಾನ್. ಸ್ನೇಹದಿಂದ ಶುರುವಾಗಿ, ಕಾಣಿಕೆಯಾಗಿ, ಕೊನೆಗೆ ವ್ಯವಹಾರವೇ ಆಯಿತು. ವಾರಂಟು ಹೊರಡುವ ಮೊದಲೇ ಕರ್‌ಗೆ ಸುದ್ದಿ.

ಡ್ರಸ್ಕೊವಿಚ್ ಬಿದ್ದ ರೀತಿ ಬೇರೆ. ಆತ ದುರಾಸೆಯ ಮನುಷ್ಯನಾಗಿರಲಿಲ್ಲ. ತಮ್ಮನೋ ಅಣ್ಣನೋ, ಒಡಹುಟ್ಟಿದವನ ಸಾಲಪತ್ರಕ್ಕೆ ಸಹಿ ಹಾಕಿ ಜಾಮೀನು ನಿಂತಿದ್ದ. ಗಡುವು ಬಂತು, 60 ಪೌಂಡು ಕಟ್ಟಬೇಕಾಯಿತು. ಕೈಯಲ್ಲಿ ಇರಲಿಲ್ಲ. ಸಹೋದ್ಯೋಗಿ ಮೈಕಲ್‌ಜಾನ್ ತನ್ನ ಗೆಳೆಯನೊಬ್ಬ ಸಾಲ ಕೊಡುತ್ತಾನೆ ಅಂತ ಕರ್ ಹತ್ತಿರ ಕರೆದುಕೊಂಡು ಹೋದ. ಕರ್ ಬಡ್ಡಿ ಕೇಳಲಿಲ್ಲ, ಪತ್ರ ಕೇಳಲಿಲ್ಲ, ಅರವತ್ತು ಪೌಂಡು ಎಣಿಸಿ ಕೊಟ್ಟ. ಬಡ್ಡಿ ಕೇಳದ ಸಾಲ ಎಷ್ಟು ದುಬಾರಿ ಅಂತ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ. ಒಡಹುಟ್ಟಿದವನ ಮಾನ ಉಳಿಸಲು ಹೋದವನು ತನ್ನ ಮಾನ ಒತ್ತೆ ಇಟ್ಟ.

ಪಾಮರ್ ಕೂಡ ಆ ಕಡೆ ವಾಲಿದ ಅಂತ ಮುಂದೆ ಕೋರ್ಟು ತೀರ್ಮಾನಿಸಿತು. ಕ್ಲಾರ್ಕ್ ವಿಷಯ ಕೊನೆಯವರೆಗೂ ಗೊಂದಲ. ಬೆನ್ಸನ್ ವೈಟ್ ದ್ವೀಪದಲ್ಲಿ ಬಂಗಲೆ ಹಿಡಿದು ಶ್ರೀಮಂತನಂತೆ ಮೆರೆಯುತ್ತಾ ಕ್ಲಾರ್ಕ್‌ನನ್ನೂ ಕರೆಸಿಕೊಂಡಿದ್ದ. ಕ್ಲಾರ್ಕ್ ತಾನು ಹೋದದ್ದು ಕರ್ತವ್ಯದ ಮೇಲೆ ಅಂತಲೇ ವಾದಿಸಿದ.

ಫ್ರಾನ್ಸಿನ ಕೌಂಟೆಸ್ ಮೋಸಹೋದ ಬಗೆ

1876ರಲ್ಲಿ ಈ ಜೋಡಿ ಹೊಡೆದ ದೊಡ್ಡ ಏಟು ನಮ್ಮ ಮಟ್ಕಾ ಏಜೆಂಟರಿಗೂ ಹೊಳೆಯದಂಥದ್ದು. ಬೆನ್ಸನ್ ಮಾಂಟ್ಗೊಮರಿ ಎಂಬ ಹೆಸರಿಟ್ಟುಕೊಂಡ. ತಾನು ಕುದುರೆ ಬಾಜಿಯಲ್ಲಿ ಸದಾ ಗೆಲ್ಲುವವನು, ಅದಕ್ಕೇ ಇಂಗ್ಲೆಂಡಿನ ಬುಕ್ಕಿಗಳು ತನ್ನ ಬಾಜಿ ಹಿಡಿಯುವುದಿಲ್ಲ, ಹಾಗಾಗಿ ನಿಮ್ಮ ಹೆಸರಿನಲ್ಲಿ ಬಾಜಿ ಕಟ್ಟಿಕೊಡಿ, ಗೆದ್ದದ್ದರಲ್ಲಿ ಕಮಿಷನ್ ಕೊಡುತ್ತೇನೆ ಅಂತ ಫ್ರಾನ್ಸಿನ ಶ್ರೀಮಂತರಿಗೆ ಕಾಗದ ಬರೆದ. ನಂಬಿಕೆ ಬರಲಿ ಅಂತ ಒಂದು ಪತ್ರಿಕೆಯನ್ನೇ ಸುಳ್ಳುಸುಳ್ಳಾಗಿ ಅಚ್ಚು ಹಾಕಿಸಿ, ಅದರಲ್ಲಿ ತನ್ನನ್ನೇ ಹೊಗಳಿಸಿಕೊಂಡು ಕಳಿಸಿದ.

ಗೊಂಕೂರ್ ಎಂಬ ಕೌಂಟೆಸ್ ನಂಬಿದಳು. ಬಾಜಿಗೆಂದು ಬಂದ ಚೆಕ್ಕುಗಳನ್ನು ಬುಕ್ಕಿಗೆ ಕಳಿಸಿದಳು. ಚೆಕ್ಕೂ ಸುಳ್ಳು, ಬ್ಯಾಂಕೂ ಸುಳ್ಳು, ಬುಕ್ಕಿಯೂ ಸುಳ್ಳು. ಗೆದ್ದಿತು ಅಂತ ಕಾಗದ ಬಂತು. ಖುಷಿಯಾಯಿತು. ಆಮೇಲೆ ತನ್ನ ಸ್ವಂತ ದುಡ್ಡು ಹಾಕಿದಳು. ಹೀಗೆ ಹೋದದ್ದು 10,000 ಪೌಂಡು. ಇನ್ನೂ 30,000 ಹಾಕಲು ಹೊರಟಾಗ ಅಷ್ಟು ಹಣ ಒಟ್ಟುಮಾಡಲು ವಕೀಲರ ಕಿವಿಗೆ ವಿಷಯ ಬಿತ್ತು. ಲಂಡನ್ನಿನ ವಕೀಲ ಅಬ್ರಹಾಮ್ಸ್ ನೇರ ಸ್ಕಾಟ್ಲೆಂಡ್ ಯಾರ್ಡಿನ ಬಾಗಿಲು ಬಡಿದ. ಅದು 1876ರ ಸೆಪ್ಟೆಂಬರ್.

ವಿಲಿಯಂಸನ್ ಫೈಲು ನೋಡಿದ. ಫ್ರೆಂಚ್ ವ್ಯವಹಾರ, ಭಾಷೆ ಬಲ್ಲವನು ಬೇಕು. ತಡಮಾಡದೆ ಕೇಸನ್ನು ಡ್ರಸ್ಕೊವಿಚ್ ಕೈಗೆ ಕೊಟ್ಟ. ಕುರಿ ಕಾಯಲು ತೋಳನನ್ನೇ ನೇಮಿಸಿದ ಹಾಗಾಯಿತು, ಅದೂ ಗೊತ್ತಿಲ್ಲದೆ.

ಆಮೇಲೆ ನಡೆದದ್ದೆಲ್ಲ ಕಣ್ಣಾಮುಚ್ಚಾಲೆ. ಪೋಲೀಸರು ಹೋದಲ್ಲಿ ಗೂಡು ಖಾಲಿ. ದೋಚಿದ ನೋಟಿನ ನಂಬರು ಸಿಗಬಾರದು ಅಂತ ಕಳ್ಳರು ಇಂಗ್ಲೆಂಡಿನ ನೋಟನ್ನು ಸ್ಕಾಟ್ಲೆಂಡಿನ ಬ್ಯಾಂಕ್ ನೋಟಿಗೆ ಬದಲಾಯಿಸಿಕೊಂಡರು. ಆದರೂ ಬೆನ್ಸನ್ ಹಾಲೆಂಡಿನ ರಾಟರ್ಡ್ಯಾಮ್ ಊರಿನಲ್ಲಿ ಸಿಕ್ಕಿಬಿದ್ದ. ಸಿಕ್ಕವನನ್ನು ಬಿಟ್ಟುಬಿಡಿ, ನಮಗೆ ಬೇಕಾದವರು ಇವರಲ್ಲ ಎಂಬ ಅರ್ಥದ ಒಂದು ತಂತಿ ಸ್ಕಾಟ್ಲೆಂಡ್ ಯಾರ್ಡಿನ ಹೆಸರಿನಲ್ಲೇ ಅಲ್ಲಿಗೆ ಹೋಯಿತು. ಅದು ಖೋಟಾ ತಂತಿ. ಕಳಿಸಿದವನು ಕಳ್ಳರ ಕಡೆಯ ಫ್ರೋಗಟ್ ಎಂಬ ವಕೀಲ. ಅಲ್ಲಿಯ ಪೋಲೀಸರು ಬೆನ್ಸನ್‌ನನ್ನು ಬಿಡಲಿಲ್ಲ. ಇತ್ತ ಕರ್‌ನನ್ನು ಲಂಡನ್ನಿನಲ್ಲಿ ಲಿಟಲ್‌ಚೈಲ್ಡ್ ಎಂಬ ಪತ್ತೇದಾರ ಹಿಡಿದ. ಆತ ಕೈ ಶುದ್ಧವಿದ್ದವನು. ಇದನ್ನು ಮರೆಯಬಾರದು. ಅದೇ ಕಚೇರಿಯಲ್ಲಿ ಅಂಥವರೂ ಇದ್ದರು.

1877ರ ಏಪ್ರಿಲ್ ತಿಂಗಳಲ್ಲಿ ಬೆನ್ಸನ್‌ಗೆ 15 ವರ್ಷ, ಕರ್‌ಗೆ 10 ವರ್ಷ ಶಿಕ್ಷೆಯಾಯಿತು.

ಕಳ್ಳ ಬಾಯಿ ಬಿಟ್ಟ

ಹದಿನೈದು ವರ್ಷ ಅಂದಾಗ ಬೆನ್ಸನ್ ಲೆಕ್ಕ ಹಾಕಿದ. ತಾನು ಒಳಗೆ ಕೊಳೆಯುವಾಗ ತನ್ನ ದುಡ್ಡು ತಿಂದವರು ಹೊರಗೆ ಮೆರೆಯುವುದೇ? ಶಿಕ್ಷೆಯಲ್ಲಿ ಏನಾದರೂ ಕಡಿತ ಸಿಕ್ಕೀತೆಂಬ ಆಸೆಯೂ ಇತ್ತು. ಇಬ್ಬರೂ ಜೈಲಿನಿಂದಲೇ ಹೇಳಿಕೆ ಕೊಟ್ಟರು. ಯಾರಿಗೆ ಎಷ್ಟು, ಯಾವಾಗ, ಎಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ವರ್ಷಗಟ್ಟಲೆ ನಡೆದ ಈ ವ್ಯವಹಾರವನ್ನು ಇಲಾಖೆಯ ಯಾವ ತಪಾಸಣೆಯೂ ಹಿಡಿಯಲಿಲ್ಲ. ಇಡೀ ಲಂಡನ್ನಿನ ಕಳ್ಳರ ಜಾತಕ ಬಲ್ಲ ವಿಲಿಯಂಸನ್ ಹಿಡಿಯಲಿಲ್ಲ. ಹಿಡಿದುಕೊಟ್ಟವರು ಕಳ್ಳರು. ಅವರಿಗೆ ಕೋಪ ಬಂದಿರದಿದ್ದರೆ, ನಾಲ್ವರೂ ಪಿಂಚಣಿ ಪಡೆದು ಮನೆಗೆ ಹೋಗುತ್ತಿದ್ದರೋ ಏನೋ.

ಜುಲೈ ತಿಂಗಳಲ್ಲಿ ಮೈಕಲ್‌ಜಾನ್, ಡ್ರಸ್ಕೊವಿಚ್, ಪಾಮರ್ ಬಂಧನವಾಯಿತು. ಸೆಪ್ಟೆಂಬರಿನಲ್ಲಿ ಹಿರಿಯ ಕ್ಲಾರ್ಕ್ ಕೂಡ. ವಕೀಲ ಫ್ರೋಗಟ್ ಐದನೆಯವನು. ಅಕ್ಟೋಬರಿನಲ್ಲಿ ದೊಡ್ಡ ಕೋರ್ಟಿನಲ್ಲಿ ವಿಚಾರಣೆ ಶುರು. ಆ ಕೋರ್ಟಿನ ಹೆಸರು ಓಲ್ಡ್ ಬೇಲಿ. ನಮ್ಮ ಗಾದೆಗೂ ಆ ಹೆಸರಿಗೂ ಸಂಬಂಧವಿಲ್ಲ, ಆದರೂ ಹೊಂದಿಕೊಂಡುಬಿಟ್ಟಿದೆ.

ಇಪ್ಪತ್ತು ದಿನ ವಿಚಾರಣೆ. ಜೈಲಿನಿಂದ ಬಂದ ಕಳ್ಳರು ಸಾಕ್ಷಿ ಕಟ್ಟೆಯಲ್ಲಿ, ಕಳ್ಳರನ್ನು ಹಿಡಿದವರು ಕಟಕಟೆಯಲ್ಲಿ. ಲೋಕ ತಲೆಕೆಳಗಾಗಿ ನಿಂತಿತ್ತು. ವಿಲಿಯಂಸನ್ ಕೂಡ ಸಾಕ್ಷಿ ಹೇಳಬೇಕಾಯಿತು. ಯಾವ ಕೇಸು ಯಾರಿಗೆ ಕೊಟ್ಟೆ, ಯಾರು ಯಾವ ವರದಿ ಬರೆದರು, ಈ ಅಕ್ಷರ ಯಾರದು ಅಂತ ವಕೀಲರು ಒಂದೊಂದಾಗಿ ಬಿಡಿಸಿ ಕೇಳಿದರು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೆಲಸ ಮಾಡಿದವರ ಮುಖ ಎದುರಿಗೇ ಇತ್ತು. ಅವರ ಅಕ್ಷರವನ್ನು ಆತನಷ್ಟು ಚೆನ್ನಾಗಿ ಗುರುತಿಸುವವರು ಯಾರು? ಆ ಅಕ್ಷರವನ್ನು ಅಷ್ಟು ವರ್ಷ ಓದಿದವನು ಅದರ ಹಿಂದಿದ್ದದ್ದನ್ನು ಮಾತ್ರ ಓದಿರಲಿಲ್ಲ.

1877ರ ನವೆಂಬರ್ 20ರಂದು ತೀರ್ಪು ಬಂತು. ಮೈಕಲ್‌ಜಾನ್, ಡ್ರಸ್ಕೊವಿಚ್, ಪಾಮರ್, ಫ್ರೋಗಟ್ ನಾಲ್ವರಿಗೂ ತಲಾ ಎರಡು ವರ್ಷ ಕಠಿಣ ಸಜೆ. ಎಡ್ವರ್ಡ್ ಕ್ಲಾರ್ಕ್ ಎಂಬ ಯುವ ವಕೀಲ ವಾದಿಸಿದ ಜಾರ್ಜ್ ಕ್ಲಾರ್ಕ್ ಮಾತ್ರ ಖುಲಾಸೆಯಾಗಿ, ಪಿಂಚಣಿ ಪಡೆದು ನಿವೃತ್ತನಾದ. ಮೋಸ ಮಾಡಿದವನಿಗೆ ಹದಿನೈದು, ಮೋಸಕ್ಕೆ ಕಾವಲು ನಿಂತವರಿಗೆ ಎರಡು. ಬೀದಿಯ ಜನ ಈ ಲೆಕ್ಕವನ್ನೂ ಗಮನಿಸದೆ ಇರಲಿಲ್ಲ.

ಹೊಸ ಬೋರ್ಡು, ಹಳೇ ಮನುಷ್ಯ

ಗೃಹಮಂತ್ರಿ ರಿಚರ್ಡ್ ಕ್ರಾಸ್ ಆಗಲೇ ಒಂದು ವಿಚಾರಣಾ ಸಮಿತಿ ನೇಮಿಸಿದ್ದ. ಪತ್ತೇದಾರರ ಸಂಬಳ, ಕೆಲಸ, ಮೇಲ್ವಿಚಾರಣೆ ಎಲ್ಲದರ ಮೇಲೂ ಪ್ರಶ್ನೆ ಎದ್ದವು. ಅದೇ ಸಮಯಕ್ಕೆ ಹೊವಾರ್ಡ್ ವಿನ್ಸೆಂಟ್ ಎಂಬ ಯುವ ಬ್ಯಾರಿಸ್ಟರ್, ಮೂವತ್ತೂ ತುಂಬದವನು, ಸ್ವಂತ ಖರ್ಚು ಹುಮ್ಮಸ್ಸಿನಲ್ಲಿ ಪ್ಯಾರಿಸ್ಸಿಗೆ ಓಡಿದ. ಅಲ್ಲಿಯ ಪತ್ತೇದಾರಿ ಪದ್ಧತಿ ನೋಡಿ ವರದಿ ಬರೆದು ತಂದ. ಸರ್ಕಾರಕ್ಕೆ ಮೆಚ್ಚಿಗೆಯಾಯಿತು. 1878ರಲ್ಲಿ ಸಿ.ಐ.ಡಿ. ಹುಟ್ಟಿತು, ವಿನ್ಸೆಂಟ್ ನಿರ್ದೇಶಕನಾದ. ಸುಮಾರು 250 ಜನರ ದಳ. ಒಂದು ದಿನ ಕೂಡ ಪೋಲೀಸ್ ಕೆಲಸ ಮಾಡದ ಹುಡುಗ ಮೇಲೆ, 28 ವರ್ಷ ಸವೆಸಿದ ವಿಲಿಯಂಸನ್ ಕೆಳಗೆ.

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಮನೆಗೆ ಹೋಗುತ್ತಿದ್ದರು. ವಿಲಿಯಂಸನ್ ಹೋಗಲಿಲ್ಲ. ಹೊಸ ಯಜಮಾನನಿಗೆ ಊರು ತೋರಿಸಿದ, ಕೆಲಸ ಕಲಿಸಿದ. ವಿನ್ಸೆಂಟ್ 1881ರಲ್ಲಿ ಪೋಲೀಸರಿಗೆ ಕಾನೂನು ಕೈಪಿಡಿಯನ್ನೇ ಬರೆದು ಪ್ರಕಟಿಸಿದ. ಬಾಯಿಮಾತಿನ ನಂಬಿಕೆಯ ಜಾಗಕ್ಕೆ ಬರಹದ ನಿಯಮ ಬಂತು.

ಆ ವರ್ಷಗಳಲ್ಲಿ ವಿಲಿಯಂಸನ್ ಒಂದು ಕಚೇರಿ ಟಿಪ್ಪಣಿಯಲ್ಲಿ ತನ್ನ ಅನುಭವದ ಸಾರ ಇಳಿಸಿದ. ಪತ್ತೇದಾರಿ ಕೆಲಸಕ್ಕೆ ಹೊತ್ತುಗೊತ್ತಿಲ್ಲ, ಆದ್ದರಿಂದ ಒಳ್ಳೆಯ ಜನ ಈ ಕಡೆ ಬರಲು ಹಿಂಜರಿಯುತ್ತಾರೆ. ಸದಾ ಕೆಟ್ಟವರ ಸಹವಾಸ, ಬೇಡದ ಕುಡಿತ, ಮನಸ್ಸಿಗೆ ಒಗ್ಗದ ಕಪಟ ಉಪಾಯಗಳು ಅಂಟಿಕೊಳ್ಳುತ್ತವೆ ಎಂಬುದು ಅದರ ತಾತ್ಪರ್ಯ. ತನ್ನ ಹುಡುಗರು ಹೇಗೆ ಜಾರಿದರು ಅಂತ ಆತ ಕೊನೆಗೂ ಅರ್ಥ ಮಾಡಿಕೊಂಡಿದ್ದ. ಅವರನ್ನು ರಾಕ್ಷಸರು ಅಂತ ಬರೆಯಲಿಲ್ಲ. ಕೆಲಸವೇ ಕೆಸರಿನದು, ಕಾಲು ತೊಳೆಸುವವರು ಬೇಕು. ಆ ಮಾತು ಹತ್ತು ವರ್ಷ ಮೊದಲೇ ಹೊಳೆದಿದ್ದರೆ ಚೆನ್ನಿತ್ತು.

ಮುಂದಿನ ವರ್ಷಗಳು ಬಾಂಬಿನವು. ಐರ್ಲೆಂಡಿನ ಬಂಡಾಯಗಾರರನ್ನು ಕಾಯಲು 1883ರಲ್ಲಿ ವಿಶೇಷ ಶಾಖೆ ತೆರೆದರು. ವರ್ಷ ಕಳೆಯುವುದರಲ್ಲಿ, 1884ರ ಮೇ 30ರ ರಾತ್ರಿ, ಸ್ಕಾಟ್ಲೆಂಡ್ ಯಾರ್ಡ್ ಕಟ್ಟಡಕ್ಕೇ ಬಾಂಬು ಬಿತ್ತು. ಶಾಖೆಯ ಕೊಠಡಿಯ ಕೆಳಗಿನ ಮೂತ್ರಾಲಯದಲ್ಲಿ ಇಟ್ಟು ಹೋಗಿದ್ದರು. ಪೋಲೀಸರ ಕಾಲ ಕೆಳಗೇ! 1886ರಲ್ಲಿ ವಿಲಿಯಂಸನ್ ಚೀಫ್ ಕಾನ್ಸ್ಟೇಬಲ್ ಪದವಿಗೇರಿದ. 1888ರಲ್ಲಿ ಜ್ಯಾಕ್ ದಿ ರಿಪ್ಪರ್ ಕೊಲೆಗಳಾದಾಗ ಸಿ.ಐ.ಡಿ.ಗೆ ಮತ್ತೆ ಬೈಗುಳದ ಮಳೆ. ಅಷ್ಟರಲ್ಲಿ ಮನುಷ್ಯನ ದೇಹ ಸೋತಿತ್ತು. 1889ರ ಡಿಸೆಂಬರ್ 9ರಂದು ವಿಲಿಯಂಸನ್ ಕಾಲವಾದ. ಇನ್ನೂ ಅರವತ್ತು ತುಂಬಿರಲಿಲ್ಲ. ನಲವತ್ತಕ್ಕೆ ಒಂದು ಕಡಿಮೆ, ಅಷ್ಟು ವರ್ಷ ಒಂದೇ ಇಲಾಖೆಯ ಉಪ್ಪು.

ಉಳಿದವರ ಗತಿ

ಡ್ರಸ್ಕೊವಿಚ್ ಜೈಲಿನಿಂದ ಬಂದ ಮೇಲೆ ಹೆಚ್ಚು ದಿನ ಬಾಳಲಿಲ್ಲ, 1881ರಲ್ಲಿ ತೀರಿಕೊಂಡ. ಅರವತ್ತು ಪೌಂಡಿನ ಸಾಲ ಆತನ ಆಯಸ್ಸನ್ನೇ ನುಂಗಿತು. ಮೈಕಲ್‌ಜಾನ್ ಖಾಸಗಿ ಪತ್ತೇದಾರನಾಗಿ ಹೊಟ್ಟೆ ಹೊರೆದ. ಬೆನ್ಸನ್ ಬಿಡುಗಡೆಯಾದ ಮೇಲೂ ಬುದ್ಧಿ ಬಿಡಲಿಲ್ಲ. ಹೆಸರಾಂತ ಗಾಯಕಿ ಪ್ಯಾಟಿಯ ಏಜೆಂಟ್ ಅಂತ ಹೇಳಿಕೊಂಡು ಮೆಕ್ಸಿಕೋದಲ್ಲಿ ಸುಳ್ಳು ಟಿಕೆಟು ಮಾರಿದ, ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ, 1888ರಲ್ಲಿ ಅಲ್ಲಿಯ ಜೈಲಿನಲ್ಲಿ ಮಹಡಿಯಿಂದ ಹಾರಿ ಸತ್ತ.

ಸಿ.ಐ.ಡಿ. ಎಂಬ ಹೆಸರು ಮಾತ್ರ ಹಡಗು ಹತ್ತಿ ಹಿಂದೂಸ್ಥಾನಕ್ಕೂ ಬಂತು. 1902-03ರ ಪೋಲೀಸ್ ಕಮಿಷನ್ ಸಲಹೆಯ ಮೇಲೆ ಬ್ರಿಟಿಷರ ಪ್ರಾಂತ್ಯಗಳಲ್ಲಿ ಸಿ.ಐ.ಡಿ. ವಿಭಾಗಗಳು ತೆರೆದವು. ಇವತ್ತು ಬೆಂಗಳೂರಿನಲ್ಲಿ ಕೂತಿರುವ ಸಿ.ಐ.ಡಿ.ಗೂ ಹೆಸರು ಅಲ್ಲಿಂದಲೇ.

ಹೆಸರು ಬದಲಾದ ಮಾತ್ರಕ್ಕೆ ರೋಗ ಹೋಯಿತೇ? 1969ರ ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಪತ್ತೇದಾರರ ಲಂಚದ ವ್ಯವಹಾರವನ್ನು ಮತ್ತೆ ಬಯಲಿಗೆಳೆಯಿತು. ಇಲಾಖೆ ತನಿಖೆಗೆ ಕೂರಿಸಿದವರಲ್ಲಿ ಒಬ್ಬ ಹಿರಿಯ ಅಧಿಕಾರಿ ಸ್ವತಃ ಅಶ್ಲೀಲ ಪುಸ್ತಕದ ವ್ಯಾಪಾರಿಗಳಿಂದ ಮಾಮೂಲು ತಿನ್ನುತ್ತಿದ್ದವನು! ಆತನಿಗೆ 12 ವರ್ಷ ಸಜೆಯಾದದ್ದು 1977ರಲ್ಲಿ. ಡ್ರಸ್ಕೊವಿಚ್ ಕೈಗೆ ಫೈಲು ಕೊಟ್ಟ ಕಥೆಯೇ, ಸರಿಯಾಗಿ ನೂರು ವರ್ಷಕ್ಕೆ ಮರುಕಳಿಸಿತು. 1972ರಲ್ಲಿ ಕಮಿಷನರ್ ಆಗಿ ಬಂದ ರಾಬರ್ಟ್ ಮಾರ್ಕ್ ಪೋಲೀಸರ ಮೇಲಿನ ದೂರುಗಳಿಗೆಂದೇ ಬೇರೆ ಶಾಖೆಯನ್ನು ಬಿಗಿಯಾಗಿ ನಡೆಸಿದ. ಪತ್ತೇದಾರರ ವಿಚಾರಣೆಯನ್ನು ಪತ್ತೇದಾರರ ಕೈಯಿಂದಲೇ ಕಿತ್ತುಕೊಂಡ. ಆತನ ಕಾಲದಲ್ಲಿ ಐನೂರರ ಆಸುಪಾಸು ಪೋಲೀಸರು ಕೆಲಸ ಬಿಟ್ಟು ಹೋದರು. ಬಹಳ ಜನ ವಿಚಾರಣೆಯವರೆಗೂ ಕಾಯಲೇ ಇಲ್ಲ.

ವಿಲಿಯಂಸನ್ ಕೆಟ್ಟವನಲ್ಲ. ಕೈ ಶುದ್ಧ, ಮನಸ್ಸು ಶುದ್ಧ. ಆದರೆ ಯಜಮಾನನ ಕೈ ಶುದ್ಧವಿದ್ದರೆ ಅಂಗಡಿಯ ಲೆಕ್ಕ ತಾನಾಗಿ ಶುದ್ಧವಾಗುವುದಿಲ್ಲ. ಸಂಜೆ ಬಾಗಿಲು ಹಾಕುವ ಮುಂಚೆ ಗಲ್ಲಾ ಎಣಿಸುವುದು ಗುಮಾಸ್ತನಿಗೆ ಮಾಡುವ ಅವಮಾನವೂ ಅಲ್ಲ. ದಿನಾ ಎಣಿಸುವ ಯಜಮಾನ ಇದ್ದಿದ್ದರೆ ಡ್ರಸ್ಕೊವಿಚ್ ಆ ಅರವತ್ತು ಪೌಂಡನ್ನು ಕರ್ ಹತ್ತಿರ ಕೇಳುವ ಬದಲು ಯಜಮಾನನ ಹತ್ತಿರವೇ ಕೇಳುತ್ತಿದ್ದನೇನೋ.